ಬೂದಿ ಬುಧವಾರದ ಬಾವುಟ

ಫೆಬ್ರವರಿ 12, ಭಾನುವಾರ

ಬೆಳಿಗ್ಗೆಯಿಂದ ಕಿಟಕಿಯ ಪರದೆ ಸರಿಸಿಲ್ಲ. ಫೋನನ್ನು ಕಾಲುಚೀಲಗಳ ಡ್ರಾಯರಿನಲ್ಲಿ ಹೂತಿಟ್ಟಿದ್ದೇನೆ. ಅಲ್ಲಿಂದಲೂ ಗುಂಯ್‌ಗುಟ್ಟುತ್ತಿದೆ.

ಬರೆದರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ, ಬರೆಯುತ್ತೇನೆ. ನಿನ್ನೆ ಸಂಜೆ ನಿಪ್ಪೆಸ್‌ನಲ್ಲಿ, ನಾನು ಹುಟ್ಟಿ ಬೆಳೆದ ಕೇರಿಯಲ್ಲಿ, ಹಳದಿ ಟೊಪ್ಪಿ ಬಳಗದ ಕಾರ್ನಿವಲ್ ಸಭೆಯಲ್ಲಿ, ಕಿಕ್ಕಿರಿದ ಜನರ ಎದುರು ಎರಡೂ ಕೈ ಮೇಲೆತ್ತಿ, ನಮ್ಮೂರಿನ ಹಬ್ಬದ ಜೈಕಾರ 'ಅಲಾಫ್' ಎನ್ನಬೇಕಾದ ಕಡೆ 'ಹೆಲಾವ್' ಎಂದು ಕೂಗಿದೆ.

ಕೊಲೋನಿನಲ್ಲಿ ಹೆಲಾವ್! ನಮ್ಮ ಹಳೆಯ ಎದುರಾಳಿ ಊರು ಡ್ಯುಸೆಲ್ಡಾರ್ಫಿನವರ ಕೂಗು! ಈ ಊರಿನಲ್ಲಿ ಅಪ್ಪನಿಗೆ ಬೈದರೂ ಕ್ಷಮಿಸುತ್ತಾರೆ, ಇದನ್ನು ಕ್ಷಮಿಸುವುದಿಲ್ಲ. ಹಿಂದಿನ ವಾರವೆಲ್ಲ ಡ್ಯುಸೆಲ್ಡಾರ್ಫ್, ಮೈನ್ಟ್ಸ್ ಎಂದು ಅವರ ಸಭೆಗಳಲ್ಲೇ ಕುಣಿದಿದ್ದೆ. ಕರೆದ ಕಡೆಗೆಲ್ಲ ಓಡುವವಳು ನಾನು. ನಾಲಿಗೆ ರೂಢಿಯ ದಾರಿ ಹಿಡಿಯಿತು.

ಸಭೆ ತಣ್ಣಗಾಯಿತು. ಜೋಕಿಗೊಮ್ಮೆ ತುತ್ತೂರಿ ಊದುವ ಬ್ಯಾಂಡಿನವನು ತುತ್ತೂರಿಯನ್ನು ತುಟಿಯವರೆಗೆ ತಂದು ಮಡಿಲಿಗೆ ಇಳಿಸಿಕೊಂಡ. ಹಿಂದಿನ ಬೆಂಚಿನಿಂದ ಒಂದು ಸಿಳ್ಳೆ, ಆಮೇಲೆ ನೂರು. ನನ್ನ ಭಾಷಣದ ಉಳಿದ ಭಾಗ ನನಗೇ ಕೇಳಿಸಲಿಲ್ಲ. ಟೀವಿಯಲ್ಲಾದರೆ ಜನ ನಗದಿದ್ದ ಕಡೆ ಆಮೇಲೆ ನಗು ಸೇರಿಸುತ್ತಾರೆ. ಇಷ್ಟು ವರ್ಷ 'ಫ್ರಾವ್ ಪ್ಲುಮ್' ಧಾರಾವಾಹಿಯಲ್ಲಿ ಶ್ರೀಮತಿ ಪ್ಲುಮ್ ಎಂಬ ಅಂಚೆ ಕಚೇರಿಯ ಗುಮಾಸ್ತೆಯಾಗಿ, ಕಳೆದುಹೋದ ಪ್ರತಿ ಪಾರ್ಸೆಲ್ಲಿಗೂ ಕಣ್ಣರಳಿಸಿ "ಅದು ನಾನಲ್ಲ!" ಎಂದು ಕಿರುಚಿದ್ದೇನೆ. ಅದರಲ್ಲಿ ಎಷ್ಟು ನಗು ನಿಜವಾಗಿ ನನ್ನದು ಎಂದು ಯಾವತ್ತೂ ಕೇಳಿಕೊಂಡಿರಲಿಲ್ಲ.

ವೇದಿಕೆಯ ಮೆಟ್ಟಿಲ ಬಳಿ ಎಂದಿನಂತೆ ಎಂಗೆಲ್ಬರ್ಟ್ ಪ್ಯುಟ್ಸ್ ನಿಂತಿದ್ದ. ನಮ್ಮಪ್ಪನ ಮಾಂಸದಂಗಡಿಯ ಪಕ್ಕದ ಮನೆಯ ಹುಡುಗ, ಟ್ರಾಮ್ ಓಡಿಸಿ ನಿವೃತ್ತನಾದವನು. ಮೆರವಣಿಗೆಯಲ್ಲಿ ಬಳಗದ ಬಾವುಟ ಹಿಡಿಯುವುದು, ಸಭೆಯಲ್ಲಿ ಕಲಾವಿದರನ್ನು ಕೈಹಿಡಿದು ಹತ್ತಿಸಿ ಇಳಿಸುವುದು ಅವನ ಕೆಲಸ. ಇಳಿಯುವಾಗ ಇಷ್ಟೇ ಹೇಳಿದ: "ನಿಧಾನ ಟ್ರೂಡಿ, ಕೊನೇ ಮೆಟ್ಟಿಲು ಅಲ್ಲಾಡುತ್ತೆ."

ನೆಲ ಬಾಯಿ ಬಿಡಬಾರದೇ ಎನಿಸಿತ್ತು. ಈಗಲೂ ಎನಿಸುತ್ತಿದೆ.

ಫೆಬ್ರವರಿ 13, ಸೋಮವಾರ

ಬರ್ಲಿನ್ನಿನಿಂದ ಫ್ರಾವ್ ಟೆಸ್ಮರ್ ಫೋನ್. ನನ್ನ ಕರಾರುಗಳನ್ನೆಲ್ಲ ನೋಡಿಕೊಳ್ಳುವವಳು. ಅವಳಿಗೆ ಅಲಾಫೂ ಒಂದೇ, ಹೆಲಾವೂ ಒಂದೇ.

"ಟ್ರೂಡಿ, ಹೊಸ ಕಂತುಗಳಿಗೆ ಮಾರ್ಚ್‌ನಲ್ಲಿ ಸಹಿ. ಜನ ಪ್ಲುಮ್‌ನ ನೋಡಿ ನಗಬೇಕು, ನಿಮ್ಮನ್ನ ನೋಡಿ ಅಲ್ಲ. ರೇಡಿಯೋದವರು ಕಾಯ್ತಿದಾರೆ. ಹೋಗಿ ಏನಾದ್ರೂ ಹೇಳಿ."

"ಏನು ಹೇಳ್ಲಿ?"

"ನಟಿ ನೀವು. ನನ್ನ ಕೇಳ್ತೀರಲ್ಲ!"

ನಾಲಿಗೆ ಜಾರಿತು, ಕ್ಷಮಿಸಿ ಎಂದು ಹೇಳುವುದೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಹೋದೆ. ಹೆಡ್‌ಫೋನ್ ಹಾಕಿಕೊಂಡಾಗ ಬಾಯಿಯಿಂದ ಬಂದದ್ದೇ ಬೇರೆ. ವೇದಿಕೆ ಪಕ್ಕ ಒಬ್ಬರು ನಿಂತಿರುತ್ತಾರೆ, ಹತ್ತುವ ಮುಂಚೆ ಕಿವಿಯಲ್ಲಿ ನೆನಪು ಮಾಡಿಕೊಡುತ್ತಾರೆ, ಅವರು ತಮಾಷೆಗೆ ಹೆಲಾವ್ ಅಂದರು, ನಾನು ಗಡಿಬಿಡಿಯಲ್ಲಿ ಅದನ್ನೇ ಕೂಗಿಬಿಟ್ಟೆ ಎಂದೆ.

"ಹಾಗಾದ್ರೆ ಅದು ನೀವಲ್ಲ!" ಎಂದ ನಿರೂಪಕ.

ಪ್ಲುಮ್‌ಳ ದನಿ ತಾನಾಗಿ ಬಂತು. "ಅದು ನಾನಲ್ಲ!"

ಗಾಜಿನ ಆಚೆ ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಎದ್ದು ಬರುವಾಗ ಕಾಫಿ ಕೊಡುವವಳು ಕೂಡ ಬೆನ್ನು ತಟ್ಟಿದಳು. ಎರಡು ದಿನದ ಮೇಲೆ ಮೊದಲ ಬಾರಿಗೆ ಹಸಿವಾಯಿತು. ದಾರಿಯಲ್ಲಿ ನಿಂತು ಎರಡು ಬೆಣ್ಣೆ ರೊಟ್ಟಿ ತಿಂದೆ.

ಯಾರ ಹೆಸರನ್ನೂ ಹೇಳಲಿಲ್ಲ. ಅಷ್ಟರ ಮಟ್ಟಿಗೆ ಮರ್ಯಾದೆ ಉಳಿಸಿಕೊಂಡಿದ್ದೇನೆ.

ಫೆಬ್ರವರಿ 14, ಮಂಗಳವಾರ

ಆ ಮೆಟ್ಟಿಲ ಬಳಿ ಯಾರು ನಿಲ್ಲುತ್ತಾರೆ ಎಂದು ನಿಪ್ಪೆಸ್‌ನ ನಾಯಿಗಳಿಗೂ ಗೊತ್ತು. ಅದು ಹೊಳೆಯದ ಹಾಗೆ ನಟಿಸಬಾರದು, ಕನಿಷ್ಠ ಇಲ್ಲಿ.

ಎಂಗೆಲ್ಬರ್ಟ್ ಅಲ್ಲಗಳೆಯುತ್ತಾನೆ ಎಂದು ಕಾದೆ. ಅಲ್ಲಗಳೆದರೆ ನೆನಪಿಲ್ಲ, ಗದ್ದಲವಿತ್ತು, ನನಗೆ ಹಾಗೆ ಕೇಳಿಸಿತು ಎಂದು ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. ಅವನು ಬಾಯಿಯೇ ಬಿಟ್ಟಿಲ್ಲ.

ಫೆಬ್ರವರಿ 16, ಗುರುವಾರ

ಇಂದು ಹೆಂಗಸರ ದಿನ. ಊರಿನ ಹೆಂಗಸರೆಲ್ಲ ಕತ್ತರಿ ಹಿಡಿದು ಸಿಕ್ಕಿದ ಗಂಡಸರ ಟೈ ಕತ್ತರಿಸುತ್ತ ಬೀದಿಯಲ್ಲಿದ್ದಾರೆ. ಪ್ರತಿ ವರ್ಷ ಅವರ ಮುಂದಾಳು ನಾನು. ಈ ಸಲ ಮನೆಯಲ್ಲಿ ಕುಳಿತು ಬಾಗಿಲಿನ ಗಂಟೆಗೆ ಬೆಚ್ಚುತ್ತಿದ್ದೆ.

ಮಧ್ಯಾಹ್ನ ಬಳಗದ ಅಧ್ಯಕ್ಷ ಹಾರ್ಟ್‌ವಿಗ್ ನೆಟ್ಟೆಸ್‌ಹೈಮ್ ಬಂದರು. ಹಲ್ಲಿನ ವೈದ್ಯರು, ದೊಡ್ಡ ಮನುಷ್ಯರು. ಕೊರಳಲ್ಲಿ ಟೈಯ ತುಂಡು ನೇತಾಡುತ್ತಿತ್ತು, ಕೈಯಲ್ಲಿ ಗುಲಾಬಿಗಳಿದ್ದವು.

"ಫ್ರಾವ್ ಕ್ಯುರ್ಟನ್, ಬಳಗದ ಪರವಾಗಿ ಕ್ಷಮೆ ಕೇಳೋಕೆ ಬಂದೆ. ಪ್ಯುಟ್ಸ್ ಹಾಗೆ ಮಾಡ್ತಾನೆ ಅಂತ ಯಾರೂ ಅಂದ್ಕೊಂಡಿರ್ಲಿಲ್ಲ. ಕೂರಿಸಿ ಕೇಳಿದ್ವಿ."

"ಏನಂದ?" ಎಂದೆ.

"'ಟ್ರೂಡಿ ಹೇಳಿದ್ದಾಳೆ ಅಂದ್ರೆ ಹಾಗೇ ಇರುತ್ತೆ' ಅಂದ. ಅಷ್ಟೇ. ನಾವು ಅವನ ಕೈಯಿಂದ ಬಾವುಟ ವಾಪಸ್ ತಗೊಂಡ್ವಿ. ಅವನಪ್ಪ ಹಿಡಿದಿದ್ದು, ಆಮೇಲೆ ಅವನು. ಆದ್ರೆ ಏನು ಮಾಡೋದು, ಬಳಗದ ಮಾನದ ಪ್ರಶ್ನೆ." ಅವರು ಗುಲಾಬಿಗಳನ್ನು ಮೇಜಿನ ಮೇಲಿಟ್ಟು ಗಂಟಲು ಸರಿಮಾಡಿಕೊಂಡರು. "ಮಂಗಳವಾರ ನಮ್ಮ ಕೇರಿಯ ಮೆರವಣಿಗೆಯಲ್ಲಿ ಅದನ್ನ ನೀವು ಹಿಡೀಬೇಕು. ಹೆಂಗಸು ಹಿಡಿಯೋದು ಇದೇ ಮೊದಲು. ಟೀವಿಯವರೂ ಬರ್ತಾರೆ."

ಆಗ ಹೇಳಬಹುದಿತ್ತು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಒಂದು ವಾಕ್ಯದ ಕೆಲಸ.

"ನನಗೆ ತುಂಬ ಹೆಮ್ಮೆ" ಎಂದೆ.

ಸಂಜೆ ಇಬ್ಬರು ಬಂದು ಬಾವುಟ ಇಟ್ಟುಹೋದರು. ಮಲಗುವ ಕೋಣೆಯ ಮೂಲೆಯಲ್ಲಿ ನಿಂತಿದೆ. ಹಿಡಿಯುವ ಜಾಗದಲ್ಲಿ ಮರ ಸವೆದು ನುಣ್ಣಗಾಗಿದೆ. ಅದರ ಕಡೆ ಬೆನ್ನು ಹಾಕಿ ಮಲಗಬೇಕು.

ಫೆಬ್ರವರಿ 18, ಶನಿವಾರ

ಮನೆಯಲ್ಲಿ ಇರಲಾಗದೆ ಬಿಲ್ಲಾಳ ಬಿಯರ್ ಅಂಗಡಿಗೆ ಹೋದೆ. ತಲೆಗೆ ಬಣ್ಣದ ಟೋಪನ್, ಮೂಗಿಗೆ ಕೆಂಪು ಚೆಂಡು. ಕಾರ್ನಿವಲ್‌ನಲ್ಲಿ ಮುಖ ಮರೆಸಿಕೊಳ್ಳುವುದು ಸುಲಭ ಎಂದುಕೊಂಡಿದ್ದೆ. ಬಿಲ್ಲಾ ದೂರದಿಂದಲೇ ಗುರುತು ಹಿಡಿದಳು.

"ಬಾ ಹುಡುಗೀ. ಇವತ್ತು ನಿನ್ನ ಕಿವಿಯಲ್ಲಿ ಯಾರು ಏನು ಹೇಳಿ ಕಳಿಸಿದ್ರು?"

ಎಂಬತ್ತರ ಹತ್ತಿರದವಳು, ನನ್ನ ಚಡ್ಡಿ ಒದ್ದೆಯಾಗುತ್ತಿದ್ದ ಕಾಲದಿಂದ ನನ್ನನ್ನು ಬಲ್ಲವಳು. ನಾನು ಸುಮ್ಮನೆ ನಕ್ಕೆ. ಅವಳು ನಗಲಿಲ್ಲ. ಬಿಯರ್ ತಂದು ಕುಕ್ಕಿ, ಗಲ್ಲದಿಂದ ಮೂಲೆ ತೋರಿಸಿದಳು.

ಎಂಗೆಲ್ಬರ್ಟ್ ಅಲ್ಲಿ ಸ್ಟೂಲಿನ ಮೇಲೆ ಕುಳಿತು ಹಬ್ಬಕ್ಕೆ ಬಾಗಿಲ ಮೇಲೆ ನೇತುಹಾಕುವ ಬೊಂಬೆ ನುಬ್ಬೆಲ್‌ಗೆ ಹುಲ್ಲು ತುಂಬುತ್ತಿದ್ದ. ಈಚೆಗೆ ತೇವದಲ್ಲಿ ಜೋತುಬಿದ್ದಿತ್ತಂತೆ, ಬಾಗಿಲ ಮೇಲಿನಿಂದ ಇಳಿಸಿದ್ದಾರೆ. ಹಳೆಯ ಕೋಟು, ಹರಿದ ಪ್ಯಾಂಟು, ಚೀಲದ ತಲೆ. ಮಂಗಳವಾರ ರಾತ್ರಿ ಕಾರ್ನಿವಲ್ಲಿನ ಎಲ್ಲ ಪಾಪಗಳನ್ನೂ ಅದರ ತಲೆಗೆ ಕಟ್ಟಿ ಬೀದಿಯಲ್ಲಿ ಸುಡುತ್ತೇವೆ. ಕುಡಿದದ್ದು, ಜಗಳವಾಡಿದ್ದು, ಪರರ ಹೆಂಡಿರ ಜೊತೆ ಕುಣಿದದ್ದು, ಎಲ್ಲ ಮಾಡಿದ್ದು ನುಬ್ಬೆಲ್. ಬೆಳಗಾದರೆ ಊರಿನವರೆಲ್ಲ ಶುದ್ಧ.

ಎದುರಿಗೆ ಕುಳಿತೆ. ಅವನು ಬೊಂಬೆಯ ಒಂದು ತೋಳನ್ನು ನನ್ನ ಕಡೆ ತಳ್ಳಿದ. ನಾನೂ ಹುಲ್ಲು ತುರುಕಲು ಶುರುಮಾಡಿದೆ.

"ಯಾಕೆ ಇಲ್ಲ ಅನ್ಲಿಲ್ಲ ನೀನು?" ಎಂದೆ ಕೊನೆಗೆ.

"ಅಂದಿದ್ರೆ ಏನಾಗ್ತಿತ್ತು?"

"ನಾನು ಸುಳ್ಳಿ ಆಗ್ತಿದ್ದೆ."

"ಮತ್ತೆ?" ಅವನು ಹುಲ್ಲನ್ನು ಹೆಬ್ಬೆಟ್ಟಿನಿಂದ ಒಳಗೆ ಒತ್ತಿದ. "ನಂಗೆ ಪೆನ್ಷನ್ ಬರುತ್ತೆ ಟ್ರೂಡಿ. ನಿಂದು ಜನ ನಕ್ಕರೆ ತಾನೆ ಹೊಟ್ಟೆಪಾಡು? ನಮ್ಮ ಕೇರಿಯಿಂದ ಟೀವಿಗೆ ಹೋದವಳು ಒಬ್ಬಳೇ. ಹೋಗ್ಲಿ ಅಂದ್ಕೊಂಡೆ."

"ಬಾವುಟ?"

"ಭುಜ ನೋಯ್ತಿತ್ತು ಬಿಡು." ಸೂಜಿಗೆ ದಾರ ಪೋಣಿಸಲು ಬಹಳ ಹೊತ್ತು ತೆಗೆದುಕೊಂಡ. "ಆದ್ರೆ ರೇಡಿಯೋನ ಕೇಟೇನೂ ಕೇಳಿದ್ಲು. ನೀನು ಟೀವಿಗೆ ಬರೋ ದಿನ ಒಲೆ ಆರಿಸಿ ಬಂದು ಕೂರೋಳು ಅವಳು. ಈಗ ಪ್ಲುಮ್ ಬಂದ್ರೆ ಚಾನೆಲ್ ಬದಲಾಯಿಸ್ತಾಳೆ. ಅವಳ ಬಾಯಿ ಮುಚ್ಚಿಸೋಕೆ ನಂಗೆ ಆಗಲ್ಲ."

ಕೇಟೆ ಅವನ ಹೆಂಡತಿ. ನಾಟಕ ಶಾಲೆಯವರು 'ನಿನ್ನ ಮುಖ ನಾಟಕಕ್ಕೆ ಆಗಿಬರುವುದಿಲ್ಲ' ಎಂದು ವಾಪಸ್ ಕಳಿಸಿದಾಗ, ಈ ಮುಖ ನೋಡಿದರೇ ನಗು ಬರುತ್ತೆ, ಅದೇ ನಿನ್ನ ಬಂಡವಾಳ ಎಂದು ಕಣ್ಣೊರೆಸಿದವಳು ಅವಳು. ಇದನ್ನು ಯಾವ ಸಂದರ್ಶನದಲ್ಲೂ ಹೇಳಿಲ್ಲ ನಾನು. ಒಬ್ಬಳೇ ಮೇಲೆ ಬಂದವಳ ಕಥೆ ಕೇಳಲು ಚೆನ್ನಾಗಿರುತ್ತದೆ.

ಖಾಲಿ ಲೋಟದ ಮೇಲೆ ಮುಚ್ಚಳದ ಹಾಗೆ ರಟ್ಟು ಇಟ್ಟು ಎದ್ದೆ. ಸಾಕು ಎನ್ನಲು ಇಲ್ಲಿ ಅದೊಂದೇ ದಾರಿ, ಇಲ್ಲವಾದರೆ ಬಿಲ್ಲಾ ತುಂಬುತ್ತಲೇ ಇರುತ್ತಾಳೆ. ಬೀದಿಗೆ ಬಂದ ಮೇಲೆ ಮೂಗಿನ ಕೆಂಪು ಚೆಂಡು ಇನ್ನೂ ಹಾಗೇ ಇದೆಯೆಂದು ಗೊತ್ತಾಯಿತು. ಅಷ್ಟು ಹೊತ್ತೂ ಅದನ್ನು ಹಾಕಿಕೊಂಡೇ ಅವನ ಜೊತೆ ಮಾತಾಡಿದ್ದೆ.

ಫೆಬ್ರವರಿ 20, ಸೋಮವಾರ

ಊರಿನ ದೊಡ್ಡ ಮೆರವಣಿಗೆ. ಹೋಗಲಿಲ್ಲ. ಫೋನಿನ ಚಾರ್ಜ್ ಯಾವಾಗಲೋ ಮುಗಿದಿದೆ, ಹಾಕಲು ಮನಸ್ಸಿಲ್ಲ. ಬಾವುಟದ ಅಂಚಿನ ಹೊಲಿಗೆ ಬಿಟ್ಟಿತ್ತು, ಕೂತು ಹಾಕಿದೆ. ವಕ್ರವಾಗಿ ಬಂದಿದೆ.

ಫೆಬ್ರವರಿ 21, ಮಂಗಳವಾರ, ಸಂಜೆ

ಹಿಡಿದೆ. ಮೆರವಣಿಗೆಯ ಮುಂದೆ ನಡೆದೆ. ಹಳದಿ ಟೊಪ್ಪಿ, ಕೆಂಪು ಕೋಟು, ಮುಖದ ತುಂಬ ಬಣ್ಣ. ಕ್ಯಾಮೆರಾ ಬಂದಾಗಲೆಲ್ಲ ಹಲ್ಲು ತೋರಿಸಿದೆ. ಅಲಾಫ್, ಅಲಾಫ್, ಅಲಾಫ್. ಈ ಸಲ ಒಂದೂ ತಪ್ಪಲಿಲ್ಲ.

ಬಾವುಟ ಇಷ್ಟು ಭಾರವಿರುತ್ತದೆಂದು ಗೊತ್ತಿರಲಿಲ್ಲ. ಭುಜ ನೋಯ್ತಿತ್ತು ಎಂದಿದ್ದ, ಅದೊಂದು ನಿಜವಿರಬಹುದು.

ಬೇಕರಿಯ ಮೂಲೆಯಲ್ಲಿ ಫುಟ್‌ಪಾತಿನ ಅಂಚಿಗೆ ಅವರಿಬ್ಬರೂ ನಿಂತಿದ್ದರು. ಮೆರವಣಿಗೆಯವರು ಎಸೆಯುವ ಮಿಠಾಯಿ ಆಯಲು ಬಂದ ಮಕ್ಕಳ ನಡುವೆ ಎಂಗೆಲ್ಬರ್ಟ್ ಖಾಲಿ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಜೇಬಿಗೆ ಹಾಕುತ್ತಿದ್ದ, ತೆಗೆಯುತ್ತಿದ್ದ. ನನ್ನನ್ನು ಕಂಡು ಕೂಗಿದ: "ಇನ್ನೂ ಮೇಲೆ ಹಿಡಿ ಟ್ರೂಡಿ! ಟ್ರಾಮ್ ತಂತಿಗೆ ತಾಗಿಸ್ಬೇಡ, ಉಳಿದಿದ್ದಕ್ಕೆ ತಾಗಿದ್ರೆ ಪರವಾಗಿಲ್ಲ!" ಸುತ್ತಲಿನವರು ನಕ್ಕರು. ಕೇಟೆ ಮುಖ ಆಚೆ ತಿರುಗಿಸಿದಳು.

ನಾನು ಜನರಿಗೆ ಎಸೆಯಲೆಂದು ಕೊಟ್ಟಿದ್ದ ಹೂಗೊಂಚಲನ್ನು ಅವಳ ಕಡೆ ಎಸೆದೆ. ಅವಳ ಕಾಲ ಬಳಿ ಬಿತ್ತು. ಅವಳು ಬಗ್ಗಲಿಲ್ಲ.

ರಾತ್ರಿ ನುಬ್ಬೆಲ್ ಸುಡುತ್ತಾರೆ. ಹೋಗಬಾರದು. ಹೋಗುತ್ತೇನೆ.

ಫೆಬ್ರವರಿ 22, ಬೂದಿ ಬುಧವಾರ

ಮೊದಲು ನಿನ್ನೆಯದು.

ಬಿಲ್ಲಾಳ ಅಂಗಡಿಯ ಮುಂದೆ ಜನಜಂಗುಳಿ. ಎಂಗೆಲ್ಬರ್ಟ್ ಹಾಸಿಗೆಯ ಚಾದರ ಹೊದ್ದು ಪಾದ್ರಿಯಾಗಿದ್ದ. ಪಾಯಿಖಾನೆಯ ಹೊಸ ಬ್ರಶ್ಶನ್ನು ಬಿಯರಿನಲ್ಲಿ ಅದ್ದಿ ಎಲ್ಲರ ತಲೆಗೂ ಪ್ರೋಕ್ಷಣೆ ಮಾಡುತ್ತಿದ್ದ. ನುಬ್ಬೆಲ್ ಕುರ್ಚಿಯ ಮೇಲೆ ಕುಳಿತು ತಲೆ ವಾಲಿಸಿತ್ತು. ವಿಚಾರಣೆ ಶುರುವಾಯಿತು.

"ನಮ್ಮ ಜೇಬು ಖಾಲಿ ಮಾಡಿದೋನು ಯಾರು?"

"ನುಬ್ಬೆಲ್!"

"ಹಾಫರನ ಹೆಂಡ್ತಿ ಗುರುವಾರ ಹೋದೋಳು ಶನಿವಾರ ಬಂದ್ಲು. ತಪ್ಪು ಯಾರದು?"

"ನುಬ್ಬೆಲ್‌ದು!" ಎಲ್ಲರಿಗಿಂತ ಜೋರಾಗಿ ಕೂಗಿದವಳು ಹಾಫರನ ಹೆಂಡತಿ.

ಆಮೇಲೆ ಎಂಗೆಲ್ಬರ್ಟ್ ಬ್ರಶ್ಶನ್ನು ಮತ್ತೆ ಬಿಯರಿನಲ್ಲಿ ಅದ್ದಿದ. ನನ್ನ ಕಡೆ ನೋಡದೆ ಕೇಳಿದ. "ನಮ್ಮ ಸಭೆಯಲ್ಲಿ ಆ ಹಾಳು ಮಾತನ್ನ ಕಿವಿಯಲ್ಲಿ ಊದಿದೋನು ಯಾರು?"

"ನುಬ್ಬೆಲ್! ನುಬ್ಬೆಲ್!"

ನನಗೆ ಕೊಟ್ಟ ಬಿಡುಗಡೆ ಅದು. ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹುಲ್ಲಿನ ಬೊಂಬೆಗೆ ಹೊರಿಸಬೇಕಾದ್ದನ್ನು ನಾನು ಉಸಿರಾಡುವ ಮನುಷ್ಯನಿಗೆ ಹೊರಿಸಿದ್ದೆ, ಅವನು ಅದನ್ನು ಇಳಿಸಿ ಬೊಂಬೆಯ ತಲೆಗೇ ಕಟ್ಟುತ್ತಿದ್ದ. ನನ್ನಿಂದ ನೋಡಲಾಗಲಿಲ್ಲ. ಮುಂದೆ ನುಗ್ಗಿದೆ.

"ಯಾರೂ ಊದ್ಲಿಲ್ಲ! ಅದು ನಾನೇ!"

ಇಡೀ ಬೀದಿಯೇ ಬಿದ್ದು ನಕ್ಕಿತು. ಇಷ್ಟು ವರ್ಷ 'ಅದು ನಾನಲ್ಲ' ಎಂದವಳು 'ಅದು ನಾನೇ' ಎಂದರೆ ಇನ್ನೇನಾಗುತ್ತದೆ? "ನಿಜವಾಗ್ಲೂ ನಾನೇ! ಎಂಗೆಲ್ಬರ್ಟ್ ಬಾಯೇ ಬಿಡ್ಲಿಲ್ಲ! ಸುಳ್ಳು ಹೇಳ್ದೆ ನಾನು!" ಎಂದು ಕಿರುಚಿದಷ್ಟೂ ನಗು ಏರಿತು. ಕಣ್ಣಲ್ಲಿ ನೀರು ಬಂತು, ಅದನ್ನು ಕಂಡು ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಗೋಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡಿದ್ದರು.

ಒಂದು ಮಾತು ಬರೆಯಲೇಬೇಕು. ಆ ನಗು ಮೈಗೆ ತಾಗಿದಾಗ ಒಂದು ಕ್ಷಣ ಸುಖವಾಯಿತು. ಯಾರೂ ಸೇರಿಸದ, ನನ್ನದೇ ನಗು. ಇದಕ್ಕಿಂತ ನಾಚಿಕೆಯ ಸಂಗತಿ ನನ್ನ ಬದುಕಿನಲ್ಲಿ ಇನ್ನೊಂದಿಲ್ಲ.

ನಗದಿದ್ದವರು ಮೂವರು. ಬಿಲ್ಲಾ, ಜನರ ಹಿಂದೆ ನಿಂತಿದ್ದ ಕೇಟೆ, ಎಂಗೆಲ್ಬರ್ಟ್. ಅವನು ಬಗ್ಗಿ ಹುಲ್ಲಿಗೆ ಬೆಂಕಿ ಇಟ್ಟ. ನಾನು ಮನೆಗೆ ಬಂದೆ.

ಇವತ್ತಿನದು. ಬೆಳಿಗ್ಗೆ ಮುಖದ ಬಣ್ಣವನ್ನೆಲ್ಲ ತೊಳೆದೆ. ಫೋನನ್ನು ಡ್ರಾಯರಿನಿಂದ ತೆಗೆದು ಚಾರ್ಜ್ ಹಾಕಿ ನೆಟ್ಟೆಸ್‌ಹೈಮರಿಗೆ ಮಾಡಿದೆ. ನಿನ್ನೆಯ ಮಾತುಗಳನ್ನೇ ಮೆಲ್ಲಗೆ ಹೇಳಿದೆ. ನಗುವಿಗೆ ಕಾದೆ. ಆ ಕಡೆ ನಲ್ಲಿಯ ನೀರು ಸುರಿಯುವ ಸದ್ದು ಮಾತ್ರ ಕೇಳುತ್ತಿತ್ತು.

"ನಿನ್ನೆ ನಾನು ನಕ್ಕುಬಿಟ್ಟೆ" ಎಂದರು ಕೊನೆಗೆ.

"ಎಲ್ಲರೂ ನಕ್ಕರು."

"ಬಾವುಟ ತಗೊಂಡು ಹೋಗೋಕೆ ಯಾರನ್ನಾದ್ರೂ ಕಳಿಸ್ತೀನಿ."

"ಬೇಡ. ಎಲ್ಲಿಗೆ ಹೋಗ್ಬೇಕು ಅಂತ ಗೊತ್ತು."

ಫ್ರಾವ್ ಟೆಸ್ಮರ್‌ಳ ಕರೆ ಎರಡು ಸಲ ಬಂತು. ನಿನ್ನೆಯ ವಿಡಿಯೋ ಎಲ್ಲರ ಫೋನಿನಲ್ಲೂ ಇದೆಯಂತೆ, ಟೀವಿಯವರಿಗೆ ಬಹಳ ಖುಷಿಯಂತೆ. ಸಂದೇಶ ಪೂರ್ತಿ ಓದಲಿಲ್ಲ.

ಬೂದು ಕೋಟು ಹಾಕಿಕೊಂಡು ಬಾವುಟ ಹೆಗಲಿಗೇರಿಸಿ ಬೀದಿಗೆ ಇಳಿದೆ. ಉಪವಾಸದ ಕಾಲ ಶುರುವಾಗುವ ಬೂದಿ ಬುಧವಾರ ಈ ಊರಿನಲ್ಲಿ ಯಾರೂ ಕಾರ್ನಿವಲ್ಲಿನ ಒಂದು ಗುಂಡಿಯನ್ನೂ ಹೊರಗೆ ತೋರಿಸುವುದಿಲ್ಲ. ಹಣೆಗೆ ಬೂದಿಯ ಶಿಲುಬೆ ಹಾಕಿಸಿಕೊಂಡ ಹೆಂಗಸರು ಚರ್ಚಿನಿಂದ ಬರುತ್ತಿದ್ದರು, ಸರಿದು ದಾರಿ ಬಿಟ್ಟರು. ಬೀದಿ ಗುಡಿಸುವವನೊಬ್ಬ ಪೊರಕೆ ನಿಲ್ಲಿಸಿ ಹಲ್ಲುಕಿರಿದ. "ಫ್ರಾವ್ ಪ್ಲುಮ್! ಕಾರ್ನಿವಲ್ ಮುಗೀತು ತಾಯಿ! ಯಾರದಿದು ಕೆಲಸ?"

ನನ್ನ ಮಾಮೂಲು ಮಾತು ಬರಲಿ ಎಂದು ಕಾಯುತ್ತಿದ್ದ. ನಾನು ನಿಂತೆ. "ಎಂಗೆಲ್ಬರ್ಟ್ ಪ್ಯುಟ್ಸ್ ನನ್ನ ಕಿವಿಯಲ್ಲಿ ಏನೂ ಹೇಳಿರ್ಲಿಲ್ಲ. ಕೂಗಿದ್ದು ನಾನು. ಅವನ ಮೇಲೆ ಹಾಕಿದ್ದೂ ನಾನೇ."

ಅವನ ನಗು ಹಾಗೇ ಇಳಿಯಿತು. ಪೊರಕೆಯ ಕಡೆ ನೋಡಿಕೊಂಡ. ಟ್ರಾಮ್ ನಿಲ್ದಾಣದಲ್ಲಿ ನಿಂತವರಿಗೂ ಅದನ್ನೇ ಹೇಳಿದೆ. ಬೇಕರಿಯವಳಿಗೆ ಬಾಗಿಲಲ್ಲೇ ಹೇಳಿದೆ. ಒಬ್ಬ ಮುದುಕ ಟೋಪಿ ತೆಗೆದು ಮತ್ತೆ ಹಾಕಿಕೊಂಡ, ಏಕೆಂದು ಅವನಿಗೂ ಗೊತ್ತಿದ್ದಂತಿರಲಿಲ್ಲ.

ಬಾಗಿಲು ತೆರೆದವಳು ಕೇಟೆ. ಒಳಗಿನಿಂದ ಉಪ್ಪಿನ ಹೆರಿಂಗ್ ಮೀನಿನ, ಬೇಯುವ ಆಲೂಗಡ್ಡೆಯ ವಾಸನೆ ಬರುತ್ತಿತ್ತು. ಅವಳು ಬಾವುಟ ನೋಡಿದಳು, ನನ್ನ ಬರಿ ಮುಖ ನೋಡಿದಳು, ವಕ್ರ ಹೊಲಿಗೆಯನ್ನು ಬೆರಳಿನಿಂದ ಎತ್ತಿ ನೋಡಿದಳು.

"ಇವತ್ತು ಇದನ್ನ ಬೀದಿಗೆ ತರಬಾರ್ದು ಅಂತ ಗೊತ್ತಿಲ್ವಾ ನಿಂಗೆ?"

"ಗೊತ್ತು."

"ಜನ ನೋಡಿದ್ರಾ?"

"ನೋಡಿದ್ರು. ಹೇಳ್ಕೊಂಡೇ ಬಂದೆ."

"ನಕ್ಕರಾ?"

"ಇಲ್ಲ ಕೇಟೆ. ಒಬ್ಬರೂ ನಗಲಿಲ್ಲ."

ಅವಳು ಬಾವುಟದ ಕೋಲನ್ನು ನನ್ನ ಕೈಯಿಂದ ತೆಗೆದುಕೊಂಡಳು. "ಹಾಗಾದ್ರೆ ಕಾಲು ಒರೆಸ್ಕೊಂಡು ಒಳಗೆ ಬಾ."